ಬ್ರೆಜಿಲಿನ ಧಾಟಿ

ಕಳೆದ ಶುಕ್ರವಾರ ಫೋನಿನ ಒಡೆದ ಗಾಜು ಬದಲಾಯಿಸಲು ಹವಲ್ಲಿ ಪೇಟೆಗೆ ಹೋಗಿದ್ದಾಗ ಆ ಇಕ್ಕಟ್ಟಿನ ಅಂಗಡಿಯಲ್ಲಿ ನಾನು ಸುಮ್ಮನೆ ನಿಂತುಬಿಟ್ಟೆ. ಮಾನ್ಯಾ, ನೀನು "ಅಜ್ಜಿ, ಆರ್ ಯೂ ಓಕೆ?" ಎಂದು ಕೇಳಿದೆ. ನಾನು ತಲೆಯಾಡಿಸಿದೆ ಅಷ್ಟೆ. ಒಳಗೆ ಯಾರೋ ಹಳೆಯ ರೇಡಿಯೋ ಒಂದನ್ನು ಬಿಚ್ಚಿಟ್ಟು ಚಾಲೂ ಮಾಡಿದ್ದರು. ಅದರೊಳಗಿನ ಧೂಳು ಬಿಸಿಯಾಗಿ ವಾಸನೆ ಬರುತ್ತಿತ್ತು. ಸ್ವಲ್ಪ ಸುಟ್ಟ ಹಾಗೆ, ಸ್ವಲ್ಪ ಸಿಹಿ. ಆ ವಾಸನೆ ಮೂಗಿಗೆ ಬಿದ್ದದ್ದೇ ನನಗೆ ಹವಲ್ಲಿಯ ನಮ್ಮ ಹಳೆಯ ಮನೆಯ ಒಂದು ಬೇಸಿಗೆ ಪೂರ್ತಿ ನೆನಪಾಯಿತು. ಅಲ್ಲಿ ಅಷ್ಟು ಜನರ ನಡುವೆ ಅದನ್ನೆಲ್ಲ ಹೇಳುವುದು ನನ್ನಿಂದ ಆಗುವ ಕೆಲಸವಲ್ಲ. ಅದಕ್ಕೇ ಈಗ ಎಗೈಲಾದ ಈ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾನು ಊರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತವಳು. ಆದರೂ ಮಾತಾಡುವುದಕ್ಕಿಂತ ಬರೆಯುವುದು ನನಗೆ ಸುಲಭ, ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ನಿಮಗೆ ಓದುವುದು ಕಷ್ಟವಾದರೆ ಅಮ್ಮನ ಹತ್ತಿರ ಓದಿಸಿಕೊಳ್ಳಿ. ಶ್ರೇಯು, ನೀನು ಆ ಬೇಸಿಗೆಯಲ್ಲಿ ಇನ್ನೂ ಅಂಬೆಗಾಲಿಡುತ್ತಿದ್ದೆ. ಮಾನ್ಯಾ ಆಗಷ್ಟೇ ಶಾಲೆಗೆ ಹೋಗಲು ಶುರುಮಾಡಿದ್ದಳು.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿಮ್ಮ ಅಮ್ಮ ನನ್ನನ್ನು ಕುವೈತಿಗೆ ಕರೆಸಿಕೊಂಡಿದ್ದಳು. ಅಮ್ಮ ಬೆಳಿಗ್ಗೆ ಆಸ್ಪತ್ರೆಯ ಕೆಲಸಕ್ಕೆ ಹೋದರೆ, ಪಪ್ಪ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗುತ್ತಿದ್ದರು. ಆಮೇಲೆ ಮನೆಯಲ್ಲಿ ನೀವಿಬ್ಬರು, ನಾನು, ಎಸಿಯ ಸದ್ದು. ಹೊರಗೆ ಹೋಗುವ ಮಾತೇ ಇರಲಿಲ್ಲ. ಬಾಗಿಲು ತೆಗೆದರೆ ಒಲೆಯ ಮುಂದೆ ಮುಖ ಒಡ್ಡಿದ ಹಾಗೆ ಗಾಳಿ. ಧೂಳು ಎದ್ದ ದಿನ ಆಕಾಶಕ್ಕೆ ಅರಿಶಿನದ ನೀರಿನ ಬಣ್ಣ ಬರುತ್ತಿತ್ತು. ಕಿಟಕಿಯ ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿದರೂ ಸಂಜೆ ಹೊತ್ತಿಗೆ ಮೇಜಿನ ಮೇಲೆ ಬೆರಳಲ್ಲಿ ಬರೆಯುವಷ್ಟು ಮಣ್ಣು ಕೂತಿರುತ್ತಿತ್ತು.

ಕುವೈತ್ ಬಿಟ್ಟು ಹೋಗುವವರು ಮನೆಯ ಸಾಮಾನನ್ನೆಲ್ಲ ಸಿಕ್ಕಿದ ಬೆಲೆಗೆ ಮಾರಿ ಹೋಗುವುದು ನಿಮಗೆ ಗೊತ್ತಲ್ಲ. ಸಲ್ವಾದಲ್ಲಿ ಹಾಗೆ ಒಂದು ಕುಟುಂಬ ಹೊರಟಾಗ ನಿಮ್ಮ ಪಪ್ಪ ಅವರ ರೆಕಾರ್ಡ್ ಪ್ಲೇಯರನ್ನೂ ಒಂದು ಪೆಟ್ಟಿಗೆ ತುಂಬ ರೆಕಾರ್ಡುಗಳನ್ನೂ ಹೊತ್ತು ತಂದರು. ಪೆಟ್ಟಿಗೆಯಲ್ಲಿದ್ದ ಗೇಣಗಲದ ಒಂದು ಸಣ್ಣ ರೆಕಾರ್ಡ್ ಹಾಕಿ ಪರೀಕ್ಷೆ ಮಾಡಿದರು. "ಮಾಮಿ, ನಿಮಗೂ ಹೊತ್ತು ಹೋಗ್ತದೆ. ಈ ಮುಳ್ಳಿನ ಕೈ ಎತ್ತಿ ಇಲ್ಲಿ ಇಡಿ, ಈ ಸ್ವಿಚ್ ಹಾಕಿ. ಬೇರೆ ಗುಂಡಿ ಮುಟ್ಟುವುದು ಬೇಡ, ಹಳೆಯ ಮೆಶಿನ್" ಎಂದರು. ನಾನು ಮುಟ್ಟಲಿಲ್ಲ. ಅಳಿಯ ಒಂದು ಮಾತು ಹೇಳಿದ ಮೇಲೆ ಅದನ್ನು ಮೀರಿ ಕೈ ಹಾಕುವ ಧೈರ್ಯ ನನಗೆಲ್ಲಿಂದ ಬರಬೇಕು?

ಪೆಟ್ಟಿಗೆಯಲ್ಲಿ ಹೆಚ್ಚಿನವು ಕೋಟು ಹಾಕಿದ ಗಂಡಸರ ಚಿತ್ರದವು. ಒಂದು ಮಾತ್ರ ಬೇರೆ ಥರ ಇತ್ತು. ಅದರ ಮೇಲೆ ಒಬ್ಬ ಹೆಂಗಸಿನ ಮುಖ. ತಂದ ದಿನವೇ ನಿಮ್ಮ ಪಪ್ಪ ಅವಳ ಹೆಸರು ಓದಿ, ಬ್ರೆಜಿಲ್ ದೇಶದವಳು ಎಂದಿದ್ದರು. ಕೂದಲಿನಿಂದ ಕಿತ್ತಳೆ ಬಣ್ಣದ ಹೂಗಳು, ಎಲೆಗಳು, ಎರಡು ಮೀನುಗಳು ಹೊರಟಿದ್ದವು. ಕಣ್ಣು ನೇರ ನಮ್ಮನ್ನೇ ನೋಡುತ್ತಿತ್ತು. ನಾನು ಯಾರನ್ನೂ ಅಷ್ಟು ನೇರವಾಗಿ ನೋಡಿದವಳಲ್ಲ. ಒಂದು ಮಧ್ಯಾಹ್ನ ಶ್ರೇಯು ಮಲಗಿದ ಮೇಲೆ ಅದನ್ನೇ ಹಾಕಿದೆ. ಮೆಶಿನ್ ಬಿಸಿಯಾಗಿ ಧೂಳಿನ ವಾಸನೆ ಎದ್ದಿತು. ಹಿಂದೆಯೇ ಹಾಡು ಬಂತು.

ಅಂಥದ್ದನ್ನು ನಾನು ಕೇಳಿಯೇ ಇರಲಿಲ್ಲ. ಗಿಟಾರು ನೀರಿನೊಳಗಿನಿಂದ ಬಂದ ಹಾಗೆ ಕೇಳುತ್ತಿತ್ತು. ಒಂದು ಕೊಳಲು ಬಾಲದಿಂದ ತಲೆಗೆ ಊದಿದಂತೆ ಹಿಂದುಮುಂದಾಗಿ ಓಡುತ್ತಿತ್ತು. ನಡುವೆ ಯಾರೋ ಗಂಟೆ ಬಾರಿಸುತ್ತಾರೆ, ಯಾರೋ ನಗುತ್ತಾರೆ, ನಕ್ಕದ್ದು ಪ್ರತಿಧ್ವನಿಯಾಗಿ ಗೋಡೆಯಿಂದ ಗೋಡೆಗೆ ಹಾರುತ್ತದೆ. ಇಷ್ಟೆಲ್ಲ ಗಲಾಟೆಯ ಮಧ್ಯೆ ಆ ಹೆಂಗಸಿನ ಧ್ವನಿ ಮಾತ್ರ ಹೆದರದೆ ಜಿಗಿಯುತ್ತಾ ಹೋಗುತ್ತದೆ. ಮುಖ ದೊಡ್ಡವಳದ್ದು, ಧ್ವನಿ ಹನ್ನೆರಡರ ಹುಡುಗಿಯದ್ದು. ಆ ದೇಶದವರ ಧ್ವನಿಯೇ ಹೀಗಿರಬಹುದು ಎಂದುಕೊಂಡೆ. ಎರಡನೆಯ ಬದಿಯಲ್ಲಿ ಒಂದು ಹಾಡಿತ್ತು. ಅವಳು ಒಂದು ಸಾಲು ಹೇಳಿದರೆ ಹಿಂದೆ ಹೆಂಗಸರ ಗುಂಪೊಂದು ಅದನ್ನು ತಿರುಗಿಸಿ ಹೇಳುತ್ತಿತ್ತು. ಅದು ಬಂದಾಗ ಮಾನ್ಯಾ ಸೋಫಾದ ಮೇಲೆ ಹತ್ತಿ ಕುಣಿಯುತ್ತಿದ್ದಳು. ಮುಗಿದ ಕೂಡಲೇ "ಅಗೇನ್, ಅಜ್ಜಿ! ಅಗೇನ್!" ಎನ್ನುತ್ತಿದ್ದಳು. ನಿಮ್ಮ ಪಪ್ಪ ಬರುವ ಮೊದಲು ನಾನು ಎಲ್ಲವನ್ನೂ ಮುಚ್ಚಿಟ್ಟುಬಿಡುತ್ತಿದ್ದೆ. ಈ ವಯಸ್ಸಿನಲ್ಲಿ ಇಂಥ ಹಾಡು ಕೇಳುತ್ತಾಳೆ ಎಂದು ಗೊತ್ತಾಗುವುದು ನಾಚಿಕೆ.

ಎದುರು ಮನೆಯ ಸಿಸಿಲಿಯಾ ಬಾಯಿಗೆ ಮಾತ್ರ ಗೊತ್ತಾಯಿತು. ಅವರು ಶಿರ್ವದ ಕಡೆಯ ಕ್ರಿಶ್ಚಿಯನ್ನರು, ಮಗನ ಮನೆಯಲ್ಲಿದ್ದರು. ಒಂದು ದಿನ ಮೀನಿನ ಪದಾರ್ಥ ಕೊಡಲು ಬಂದವರು ಬಾಗಿಲಲ್ಲೇ ನಿಂತು ಕಿವಿಗೊಟ್ಟರು.

"ಇದು ಎಂತ ಭಾಷೆ ಗಿರಿಜಾ ಬಾಯಿ? ನಮ್ಮ ಕೊಂಕಣಿಯ ವಾಸನೆ ಬರ್ತದಲ್ಲ! ಕೇಳಿ, ಕೇಳಿ, 'ಜನೆಲಾ' ಅಂದಳು. ಕಿಟಕಿಗೆ ನಾವು ಜನೆಲ್ ಅಂತೇವೆ."

"ನಾವೂ ತುಳುವಿನಲ್ಲಿ ಹಾಗೇ ಹೇಳುವುದು" ಎಂದೆ.

"ಪೋರ್ಚುಗೀಸರು ಬಿಟ್ಟುಹೋದದ್ದು. ಹಾಗಾದ್ರೆ ಇವಳು ನಮಗೆ ದೂರದ ಸಂಬಂಧ. ಆದ್ರೆ ಎಂತ ಅವಸರ ಮಾರಾಯ್ತಿ ಇವಳಿಗೆ! ಉಸಿರು ಕೂಡಾ ತೆಗೆಯುವುದಿಲ್ಲ, ಬಸ್ಸು ಬಿಟ್ಟುಹೋಗ್ತದೆಯೋ ಏನೋ."

ನಾವಿಬ್ಬರೂ ನಕ್ಕೆವು. ಅವಳು ಕಿಟಕಿಯ ಬಗ್ಗೆ ಏನೋ ಹಾಡುತ್ತಿದ್ದಾಳೆ ಎಂದು ತಿಳಿದದ್ದೇ ನನಗೆ ಆ ಹಾಡು ಇನ್ನಷ್ಟು ಹತ್ತಿರವಾಯಿತು.

ಇನ್ನು ಭಜನೆಯ ವಿಷಯ. ಆ ಕಟ್ಟಡದಲ್ಲೂ ಸುತ್ತಮುತ್ತಲೂ ಇದ್ದ ನಮ್ಮ ಕಡೆಯ ಹೆಂಗಸರು ಸೇರಿ ಒಂದು ಕುಣಿತ ಭಜನೆಯ ತಂಡ ಕಟ್ಟಿಕೊಂಡಿದ್ದೆವು. ಕೈಯಲ್ಲಿ ತಾಳ ಹಿಡಿದು, ಸುತ್ತ ನಿಂತು, ಹಾಡಿಗೆ ಸರಿಯಾಗಿ ಹೆಜ್ಜೆ ಹಾಕುವ ಭಜನೆ ಅದು. ಚಳಿಗಾಲದಲ್ಲಿ ಕರಾವಳಿಯವರೆಲ್ಲ ಸೇರಿ ಸ್ಪರ್ಧೆ ಇಡುತ್ತಿದ್ದರು. ಭಜನೆಗೆ ಧಾಟಿ ಅಂತ ಒಂದಿರುತ್ತದೆ, ಅದನ್ನು ನಿಮಗೆ ಹೇಳಬೇಕು. ಜನರಿಗೆ ಗೊತ್ತಿರುವ ಯಾವುದೋ ಹಾಡಿನ ಸ್ವರ ತೆಗೆದುಕೊಂಡು ಅದಕ್ಕೆ ದೇವರ ಪದ ಕೂರಿಸುವುದು. ಊರಿನ ಭಜನೆ ಪುಸ್ತಕಗಳಲ್ಲಿ ಪದದ ತಲೆಯ ಮೇಲೆ ಇಂಥ ಹಾಡಿನ ಧಾಟಿ ಎಂದು ಅಚ್ಚಾಗಿರುತ್ತದೆ. ನಿಮ್ಮ ಅಜ್ಜ ಊರಿನಲ್ಲಿ ಭಜನೆ ಹೇಳಿಕೊಡುತ್ತಿದ್ದರು, ಆದರೆ ಅವರಿಗೆ ಧಾಟಿ ಮರೆಯುತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಬಂದು "ಗಿರಿಜಾ, ಅದು ಹೇಗೆ ಶುರು?" ಎಂದು ಕೇಳುತ್ತಿದ್ದರು. ನಾನು ಒಲೆಯ ಕಡೆ ಮುಖ ಮಾಡಿಕೊಂಡೇ ಗುನುಗಿ ತೋರಿಸುತ್ತಿದ್ದೆ. ಜನರೆದುರು ಗುಂಪಿನ ಹಿಂದೆ ಕೂತು ಚಪ್ಪಾಳೆ ತಟ್ಟಿದ್ದು ಬಿಟ್ಟರೆ ಒಂಟಿಯಾಗಿ ಬಾಯಿ ತೆರೆದವಳೇ ಅಲ್ಲ.

ಕುವೈತಿನ ಸ್ಪರ್ಧೆಗೆ ಒಂದು ನಿಯಮವಿತ್ತು. ಸಿನಿಮಾ ಹಾಡಿನ ಧಾಟಿ ಕೂಡದು. ಹಿಂದಿನ ವರ್ಷ ನಮ್ಮ ತಂಡದ ಪದ ಹಿಂದಿ ಸಿನಿಮಾದ ಧಾಟಿಯಲ್ಲಿದೆ ಎಂದು ಅರ್ಧಕ್ಕೇ ವೇದಿಕೆಯಿಂದ ಇಳಿಸಿದ್ದರು. ತಂಡದ ಮುಖ್ಯಸ್ಥೆ ಶಕುಂತಳಕ್ಕನಿಗೆ ಆ ಅವಮಾನ ಇಳಿದಿರಲಿಲ್ಲ.

ಆಗಸ್ಟಿನ ಒಂದು ದಿನ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದೆವು. "ಈ ಸಲವೂ ಇಳಿಸಿದ್ರೆ ಖಲಾಸ್, ನಾನು ತಾಳ ಬಿಸಾಡ್ತೇನೆ. ತಂಡವೂ ಬೇಡ, ಎಂತದೂ ಬೇಡ" ಎಂದರು ಶಕುಂತಳಕ್ಕ. ಒಬ್ಬೊಬ್ಬರು ಒಂದೊಂದು ಧಾಟಿ ಹೇಳಿದರು. ಎಲ್ಲವೂ ಸಿನಿಮಾದ್ದೇ, ಅಲ್ಲದಿದ್ದರೆ ಯಾರೋ ಹಾಡಿ ಹಳತಾದದ್ದು. ಜೋರು ಜಗಳವೇ ಆಯಿತು. ಆ ತಂಡ ಒಡೆದರೆ ನನ್ನ ಗತಿ ಏನು? ವಾರಕ್ಕೊಮ್ಮೆ ಆ ಹೆಂಗಸರ ನಡುವೆ ನಿಲ್ಲುವುದೊಂದೇ ನನಗೆ ಈ ದೇಶದಲ್ಲಿ ನನ್ನದು ಅಂತ ಇದ್ದದ್ದು. ಎದ್ದು ಒಳಗೆ ಹೋಗಿ ಚಹಾದ ಲೋಟ ತೊಳೆಯತೊಡಗಿದೆ. ಕೈ ನೀರಿನಲ್ಲಿದ್ದರೆ ನನ್ನ ಬಾಯಿ ತಾನಾಗಿ ಗುನುಗುತ್ತದೆ.

ಶಕುಂತಳಕ್ಕ ಬಾಗಿಲಲ್ಲಿ ಬಂದು ನಿಂತದ್ದು ಗೊತ್ತಾಗಲಿಲ್ಲ. "ಅದೆಂತದು ಗಿರಿಜಕ್ಕ?"

"ಏನಿಲ್ಲ."

"ಏನಿಲ್ಲ ಅಂದ್ರೆ? ಈಗ ಹಾಡಿದ್ದು ಯಾರು, ಫ್ರಿಜ್ಜಾ?"

ಹೇಳಲೇಬೇಕಾಯಿತು. ಬ್ರೆಜಿಲ್ ಎಂಬ ದೇಶದ ಹಾಡು, ಮನೆಯಲ್ಲಿ ರೆಕಾರ್ಡ್ ಇದೆ ಎಂದೆ. "ಸಿನಿಮಾ ಅಲ್ಲ ಅಲ್ವಾ? ಇನ್ನೊಮ್ಮೆ ಹೇಳಿ" ಎಂದು ಕೈ ಹಿಡಿದು ಹೊರಗೆ ಎಳೆದುಕೊಂಡು ಹೋದರು. ನಾನು ಗೋಡೆಯ ಕಡೆ ತಿರುಗಿ ಹೇಳಿದೆ. ತಿರುಗಿ ನೋಡುವಾಗ ಎಲ್ಲರ ಕಾಲೂ ನೆಲದ ಮೇಲೆ ತಟ್ಟುತ್ತಿತ್ತು.

ಪದವನ್ನೂ ನಾನೇ ಕಟ್ಟಿದೆ. "ಕಿಟಕಿಯಲಿಣುಕೋ ಕಿರುನಗೆ ಕೃಷ್ಣ, ಕೆನ್ನೆಗೆ ಬೆಣ್ಣೆಯ ಬಳಿದವನೇ" ಎಂದು ಶುರು. ಅವಳ ಹಾಡಿನ ಕಿಟಕಿಯನ್ನು ಬಿಡಲು ಮನಸ್ಸು ಬರಲಿಲ್ಲ. ಶಕುಂತಳಕ್ಕ ಒಂದು ಸಾಲು ಹೇಳುವುದು, ನಾವೆಲ್ಲ ತಿರುಗಿಸಿ ಹೇಳುವುದು, ರೆಕಾರ್ಡಿನಲ್ಲಿ ಇದ್ದ ಹಾಗೆಯೇ. ಯಾರಿಗೂ ರೆಕಾರ್ಡ್ ಕೇಳಿಸಲಿಲ್ಲ. ನಾನು ಗುನುಗಿದ್ದನ್ನೇ ಎಲ್ಲರೂ ಕಲಿತರು.

ಕುಣಿಯಲು ತೊಡಗಿದ ಮೇಲೆ ಕೆಳಗಿನ ಮನೆಯವರ ದೂರು ಬಂತು. ಸೆಖೆ ಇಳಿದ ಮೇಲೆ ಕಟ್ಟಡ ನೋಡಿಕೊಳ್ಳುವ ಹಾರಿಸ್ ಕೈಗೆ ಶಕುಂತಳಕ್ಕ ಒಂದು ಡಬ್ಬ ಚಕ್ಕುಲಿ ಇಟ್ಟರು. ಅವನು ಟೆರೇಸಿನ ಬೀಗ ತೆಗೆದು "ಯಲ್ಲಾ, ಯಲ್ಲಾ", ನಡೆಯಿರಿ ನಡೆಯಿರಿ, ಎಂದು ನಗುತ್ತಾ ಜಾಗ ಬಿಟ್ಟ. ಅಲ್ಲಿ ನೀರಿನ ಟ್ಯಾಂಕುಗಳ ನಡುವೆ, ಒಣಹಾಕಿದ ಬಟ್ಟೆಗಳ ಕೆಳಗೆ, ನಾವು ಸಂಜೆಗಳಲ್ಲಿ ಕುಣಿದೆವು. ಸಿಸಿಲಿಯಾ ಬಾಯಿ ಪ್ಲಾಸ್ಟಿಕ್ ಕುರ್ಚಿ ತಂದು ಕೂತು ಹೆಜ್ಜೆ ತಪ್ಪಿದವರನ್ನು ಹೆಸರು ಹಿಡಿದು ಬೈಯುತ್ತಿದ್ದರು. ನವೆಂಬರಿನಲ್ಲಿ ಒಂದು ಸಂಜೆ ಮಳೆ ಬಂತು, ವರ್ಷದ ಮೊದಲ ಮಳೆ. ಕಾಲಡಿಯ ಮಣ್ಣೆಲ್ಲ ಕೆಸರಾಯಿತು. ಯಾರೂ ಇಳಿದು ಹೋಗಲಿಲ್ಲ. ಒದ್ದೆ ಸೀರೆಯಲ್ಲೇ ಪದ ಪೂರ್ತಿ ಮಾಡಿದೆವು.

ಸ್ಪರ್ಧೆ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಮಗಳ ಮನೆಗೆ ಬಂದಿದ್ದ ನಿವೃತ್ತ ಮಾಸ್ತರರೊಬ್ಬರು ತೀರ್ಪುಗಾರರು. ನಾನು ಕೊನೆಯ ಸಾಲಿನಲ್ಲಿ, ಎತ್ತರದವರ ಹಿಂದೆ ನಿಂತೆ. ಶಕುಂತಳಕ್ಕ ಪದ ಎತ್ತಿಕೊಂಡರು. ಎರಡನೆಯ ಸುತ್ತಿಗೆ ಬರುವಾಗ ಮುಂದಿನ ಸಾಲಿನ ಮಕ್ಕಳು ಎದ್ದು ಕುಣಿಯುತ್ತಿದ್ದರು. ಮುಗಿದಾಗ ಚಪ್ಪಾಳೆ ನಿಲ್ಲಲಿಲ್ಲ.

ಅದು ನಿಲ್ಲುವ ಮೊದಲೇ ಸಲ್ವಾದ ತಂಡದ ವಿಠಲಣ್ಣ ಎದ್ದು ನಿಂತರು. "ಮಾಸ್ತ್ರೆ, ಒಂದು ಆಕ್ಷೇಪ ಉಂಟು. ಇದು ಸಿನಿಮಾದ್ದು. ಇಷ್ಟು ಕುಣಿಸುವ ಧಾಟಿ ಮತ್ತೆಲ್ಲಿಂದ ಬರ್ಬೇಕು?"

ಶಕುಂತಳಕ್ಕ ಸೊಂಟಕ್ಕೆ ಕೈ ಕೊಟ್ಟರು. "ಯಾವ ಸಿನಿಮಾ? ಹೆಸರು ಹೇಳಿ ನೋಡುವ!"

"ಹೆಸರು ಬಾಯಿಗೆ ಬರ್ತಾ ಇಲ್ಲ. ಎಲ್ಲೋ ಕೇಳಿದ್ದೇನೆ."

"ಕೇಳಿರ್ತೀರಿ. ನಮ್ಮ ಟೆರೇಸಿನ ಕೆಳಗಿನ ರಸ್ತೆಯಲ್ಲಿ ನಿಮ್ಮ ಕಾರು ಎಷ್ಟು ಸಲ ನಿಂತಿತ್ತು ಅಂತ ನಮಗೂ ಗೊತ್ತುಂಟು!"

ಜನ ಗೊಳ್ಳೆಂದು ನಕ್ಕರು. ಮಾಸ್ತರರು ನಗಲಿಲ್ಲ. "ಮೂಲ ಹಾಡು ಕೇಳಿಸಿ. ಕೇಳಿದ ಮೇಲೆ ಹೇಳ್ತೇನೆ" ಎಂದರು. ನಿಮ್ಮ ಪಪ್ಪ ಎದ್ದು ಬಂದು, ಯಾವ ಹಾಡೆಂದು ನನ್ನನ್ನು ಕೇಳಿ, ಫೋನಿನಲ್ಲಿ ಅದೇ ರೆಕಾರ್ಡನ್ನು ಹುಡುಕಿದರು. ಅದೇ ಮುಖ, ಅದೇ ಮೀನುಗಳು, ಅದೇ ಹಾಡಿನ ಹೆಸರು. ಫೋನನ್ನು ಮೈಕಿಗೆ ಹಿಡಿದರು.

ಬಂದದ್ದು ನನ್ನ ಹುಡುಗಿಯ ಧ್ವನಿಯಲ್ಲ. ತುಂಬಿದ, ತಗ್ಗಿದ, ಒಬ್ಬ ದೊಡ್ಡ ಹೆಂಗಸಿನ ಧ್ವನಿ. ಜಿಗಿತವಿಲ್ಲ, ಅವಸರವಿಲ್ಲ. ಸಂಜೆ ಹೊತ್ತು ಕಿಟಕಿಗೆ ಒರಗಿಕೊಂಡು ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ. ಸಭೆಯಲ್ಲಿ ಗುಸುಗುಸು ಎದ್ದಿತು. "ಇದು ಅಲ್ಲವೇ ಅಲ್ಲ" ಎಂದರು ವಿಠಲಣ್ಣ. ನಮ್ಮ ತಂಡದವರೇ ನನ್ನ ಕಡೆ ತಿರುಗಿ ನೋಡಿದರು. ಶಕುಂತಳಕ್ಕನ ಮುಖ ಬಿಳಿಚಿತ್ತು.

ನಿಮ್ಮ ಪಪ್ಪ ವೇದಿಕೆಯ ಅಂಚಿಗೆ ಬಂದು ಮೆಲ್ಲ ಕೇಳಿದರು. "ಮಾಮಿ, ಪ್ಲೇಯರಿನ ಬದಿಯ ಗುಂಡಿ ತಿರುಗಿಸಿದ್ರಾ?"

"ಇಲ್ಲ. ನೀವು ಮುಟ್ಟುವುದು ಬೇಡ ಅಂದಿದ್ರಲ್ಲ."

ಅವರು ಹಣೆ ಬಡಿದುಕೊಂಡರು. "ಅಯ್ಯೋ, ಅದು ವೇಗದ ಗುಂಡಿ! ಸಣ್ಣ ರೆಕಾರ್ಡ್ ವೇಗವಾಗಿ ತಿರುಗಬೇಕು, ದೊಡ್ಡದು ನಿಧಾನ. ನಾನು ಸಣ್ಣದಕ್ಕೆ ಇಟ್ಟದ್ದನ್ನು ಹಾಗೇ ಬಿಟ್ಟಿದ್ದೆ. ಬೇಸಿಗೆ ಇಡೀ ನೀವು ಈ ಹಾಡನ್ನು ಓಡಿಸಿ ಓಡಿಸಿ ಕೇಳಿದ್ದೀರಿ!"

ಅದನ್ನೇ ಮೈಕಿನಲ್ಲೂ ಹೇಳಿದರು. ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಮೆಶಿನಿನ ವಿಚಾರ ನನಗೆ ಗೊತ್ತಾಗುವುದಿಲ್ಲ. ಎರಡೂ ಒಂದೇ ಅಂತ ಯಾರಾದ್ರೂ ಹಾಡಿ ತೋರಿಸಿ, ಒಪ್ತೇನೆ. ಇಲ್ಲದಿದ್ರೆ ನಿಮ್ಮ ತಂಡವನ್ನು ಸ್ಪರ್ಧೆಯಿಂದ ಕೈಬಿಡಬೇಕಾಗ್ತದೆ."

ಶಕುಂತಳಕ್ಕನಿಂದ ಅದು ಸಾಧ್ಯವಿರಲಿಲ್ಲ. ಆ ಹಾಡನ್ನು ಬೇಸಿಗೆ ಪೂರ್ತಿ ಕೇಳಿದವಳು ಆ ಸಭೆಯಲ್ಲಿ ನಾನೊಬ್ಬಳೇ. ಫೋನಿನಲ್ಲಿ ಅದು ಹರಿದಾಗ ನಾನು ಒಂದೊಂದು ತಿರುವನ್ನೂ ಗುರುತು ಹಿಡಿದಿದ್ದೆ. ಬಸ್ಸಿನಲ್ಲಿ ದಿನಾ ಹೋಗುವ ದಾರಿಯಲ್ಲಿ ಒಂದು ದಿನ ನಡೆದು ಹೋದ ಹಾಗೆ. ದಾರಿ ಅದೇ, ಆದರೆ ಓಡುವಾಗ ಕಾಣದ ಅಂಗಳಗಳೆಲ್ಲ ಕಾಣುತ್ತವೆ. ಅದು ಬಾಯಲ್ಲಿ ಹೇಳಿ ತಿಳಿಸುವ ವಿಷಯವಲ್ಲ. ಹಾಡಬೇಕು. ಸಭೆಯ ಹಿಂದಿನಿಂದ ಸಿಸಿಲಿಯಾ ಬಾಯಿಯ ಗಂಟಲು ಕೇಳಿತು. "ಗಿರಿಜಾ ಬಾಯಿ, ಹೋಗಿ ಮಾರಾಯ್ತಿ! ಎಂತ ನೋಡ್ತೀರಿ?"

ಎತ್ತರದವರನ್ನು ಸರಿಸಿ ಮುಂದೆ ಬಂದೆ. ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಮೈಕಿನ ಮುಂದೆ ನಿಂತು, ಅವಳ ನಿಧಾನದಲ್ಲಿ, ಅವಳ ತಗ್ಗಿನಲ್ಲಿ, ನನ್ನ ಪದ ಎತ್ತಿಕೊಂಡೆ. "ಕಿಟಕಿಯಲಿಣುಕೋ..." ನನ್ನ ಧ್ವನಿ ಅಷ್ಟು ದೊಡ್ಡ ಜಾಗದಲ್ಲಿ ಹೋಗಿ ಗೋಡೆಗೆ ತಾಗಿ ಹಿಂದೆ ಬಂದದ್ದನ್ನು ಮೊದಲ ಸಲ ಕೇಳಿದೆ. ಹೆದರಿಕೆಯಾಗಲಿಲ್ಲ. ಒಂದು ಸಾಲು ಮುಗಿದಾಗ ಗುಸುಗುಸು ನಿಂತಿತ್ತು. ಎರಡನೆಯ ಸಾಲಿಗೆ ಎಸಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆ ನಿಧಾನದಲ್ಲಿ ಕೃಷ್ಣನನ್ನು ಕರೆಯುವುದು ಕುಣಿಯುತ್ತಾ ಕರೆದದ್ದಕ್ಕಿಂತ ಬೇರೆಯಾಗಿತ್ತು. ನಿಜವಾಗಿ ಯಾರನ್ನೋ ಕಾದು ಕಿಟಕಿಯಲ್ಲಿ ನಿಂತವಳು ಕರೆದ ಹಾಗಿತ್ತು.

ಆಮೇಲೆ ಕೈಯ ತಾಳವನ್ನು ಮೆಲ್ಲ ತಟ್ಟಿ ಅದೇ ಸಾಲನ್ನು ಸ್ವಲ್ಪ ಬೇಗ ಹೇಳಿದೆ. ಇನ್ನೂ ಸ್ವಲ್ಪ ಬೇಗ. ಹಿಂದೆ ಶಕುಂತಳಕ್ಕನ ತಾಳ ಸೇರಿಕೊಂಡಿತು. ಇನ್ನೊಂದು, ಮತ್ತೊಂದು. ಭಜನೆಯಲ್ಲಿ ನಿಧಾನದಿಂದ ಏರುವುದು ನಮಗೇನು ಹೊಸದೇ? ಎಲ್ಲಿ ನಡಿಗೆ ಮುಗಿಯಿತು, ಎಲ್ಲಿ ಓಟ ಶುರುವಾಯಿತು ಎಂದು ಯಾರಿಗೂ ತಿಳಿಯದ ಹಾಗೆ ಆ ದೊಡ್ಡ ಹೆಂಗಸು ನನ್ನ ಹುಡುಗಿಯಾದಳು. ಅಷ್ಟು ಹೊತ್ತಿಗೆ ಸಭೆ ಪೂರ್ತಿ ಎದ್ದು ನಿಂತಿತ್ತು. ನಾನು ಹೇಳಿದ ಸಾಲನ್ನು ನಮ್ಮ ತಂಡದೊಡನೆ ಅವರೂ ತಿರುಗಿಸಿ ಹೇಳುತ್ತಿದ್ದರು. ವಿಠಲಣ್ಣನ ಕೈಯೂ ಚಪ್ಪಾಳೆ ತಟ್ಟುತ್ತಿತ್ತು, ಮುಖ ಮಾತ್ರ ಬೇರೆ ಕಡೆ ಇತ್ತು.

ಮರುದಿನ ನಿಮ್ಮ ಪಪ್ಪ ಗುಂಡಿ ತಿರುಗಿಸಿ ಕೊಟ್ಟರು. ಆ ರೆಕಾರ್ಡಿನ ಎರಡೂ ಬದಿಯನ್ನು ನಾನು ಸರಿಯಾದ ವೇಗದಲ್ಲಿ ಕೇಳಿದೆ, ಮನೆಯವರೆಲ್ಲರ ಎದುರಿಗೆ, ಮುಚ್ಚಿಡದೆ. ಆ ಹಾಡುಗಳನ್ನು ಹಾಡುವಾಗ ಅವಳ ದೇಶದಲ್ಲಿ ಸೈನ್ಯದವರ ಆಳ್ವಿಕೆ ಇತ್ತಂತೆ. ನೀರಿನೊಳಗಿನ ಗಿಟಾರು, ಹಿಂದುಮುಂದಾದ ಕೊಳಲು, ನಗು, ಎಲ್ಲವನ್ನೂ ಆ ಕಾಲದಲ್ಲಿ ಅಷ್ಟು ಸಮಾಧಾನದಿಂದ ಇಟ್ಟುಕೊಂಡು ಹಾಡಿದವಳು ಎಂದು ತಿಳಿದಾಗ ಅವಳ ಮೇಲೆ ನನಗೆ ಗೌರವ ಹೆಚ್ಚಾಯಿತು. ಆದರೆ ಸ್ಪರ್ಧೆಯ ಸಂಜೆಯ ಕತೆ ಇನ್ನೂ ಮುಗಿದಿಲ್ಲ.

ಬಹುಮಾನ ಹೇಳುವ ಮೊದಲು ವಿಠಲಣ್ಣ ನೀರಿನ ಬಾಟಲಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಅಕ್ಕ, ಕೋಪ ಮಾಡ್ಬೇಡಿ. ಆ ರೆಕಾರ್ಡಿನಲ್ಲಿ ಬೇರೆ ಹಾಡೂ ಉಂಟಲ್ಲ? ಬರುವ ವರ್ಷಕ್ಕೆ ನಮ್ಮ ತಂಡಕ್ಕೂ ಒಂದು ಧಾಟಿ..." ನಾನು ಉತ್ತರ ಕೊಡುವಷ್ಟರಲ್ಲಿ ಶಕುಂತಳಕ್ಕ "ಮೊದಲು ಚಕ್ಕುಲಿ ತನ್ನಿ, ಆಮೇಲೆ ಮಾತು" ಎಂದರು.

ಮೊದಲ ಬಹುಮಾನ ನಮಗೇ ಬಂತು. ಗೆದ್ದ ಪದದ ಧಾಟಿಯನ್ನು ಸಭೆಗೆ ಓದಿ ಹೇಳುವುದು ಅಲ್ಲಿಯ ಕ್ರಮ. ಮಾಸ್ತರರು ಮೈಕಿನ ಮುಂದೆ ಬಂದು "ಮೂಲ ಎಲ್ಲಿಯದೇ ಇರಲಿ, ಈ ಓಟ ಇವರದ್ದೇ. ಧಾಟಿ, ಗಿರಿಜಕ್ಕನ ಸ್ವಂತ ಅಂತ ಹೇಳಲಾ?" ಎಂದು ಕೇಳಿದರು. ಜನ ಹೌದು ಹೌದು ಎಂದು ಕೂಗಿದರು. ಶಕುಂತಳಕ್ಕ ನನ್ನ ಬೆನ್ನಿಗೆ ಗುದ್ದಿ "ಹೂಂ ಅನ್ನಿ" ಎಂದರು.

ನಾನು ಇಲ್ಲ ಎಂದೆ. ಕರೆಯದೆಯೇ ಮೈಕಿನ ಹತ್ತಿರ ಹೋಗಿ, ಇದು ಬ್ರೆಜಿಲ್ ದೇಶದ ಒಬ್ಬ ಹೆಂಗಸಿನ ಧಾಟಿ ಎಂದೆ. ಅವಳ ಹೆಸರು ಹೇಳಿದೆ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಅಕ್ಷರದಲ್ಲಿ ಅದು ಸರಿಯಾಗಿ ಕೂರುವುದಿಲ್ಲ, ನೀವು ತಪ್ಪು ಓದುತ್ತೀರಿ. ನನ್ನ ಹತ್ತಿರ ಬಂದು ಕೇಳಿ, ಬಾಯಲ್ಲೇ ಹೇಳಿಕೊಡುತ್ತೇನೆ. ಮಾಸ್ತರರಿಗೂ ಅದು ಮೊದಲ ಸಲಕ್ಕೆ ಬರಲಿಲ್ಲ. "ಇನ್ನೊಮ್ಮೆ ಹೇಳಿ ಅಕ್ಕ" ಎಂದರು. ನಾನು ಬಿಡಿಸಿ ಬಿಡಿಸಿ ಹೇಳಿದೆ. ಅವರು ಹೇಳಿದರು, ಇನ್ನೂ ಸ್ವಲ್ಪ ತಪ್ಪಿತ್ತು. ನಾನು ತಲೆಯಾಡಿಸಿ ಮತ್ತೆ ಹೇಳಿದೆ. ಆಗ ಶಕುಂತಳಕ್ಕ ಹೇಳಿದರು, ನಮ್ಮ ತಂಡ ಹೇಳಿತು. ನಾನು ಇನ್ನೊಮ್ಮೆ ಎತ್ತಿಕೊಟ್ಟೆ. ಮುಂದಿನ ಸಾಲಿನ ಮಕ್ಕಳಿಂದ ಹಿಡಿದು ಬಾಗಿಲಲ್ಲಿ ನಿಂತವರವರೆಗೆ, ಅಷ್ಟೂ ಜನ ಆ ಹೆಸರನ್ನು ಒಟ್ಟಿಗೆ, ಗಟ್ಟಿಯಾಗಿ, ನಾನು ಹೇಳಿಕೊಟ್ಟ ಹಾಗೆಯೇ ಹೇಳಿದರು.